ಹತ್ತು ಸಾವಿರನೆಯವರಿಗೆ ಉಡುಗೊರೆ

ಯೋಮೊಗಿ ತಮ್ಮ ಇಂಟರ್ನೆಟ್ ಪುಟ ಮುಚ್ಚುತ್ತಾರೆಂದು ಓದಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಹೇಳದೆ ಕೇಳದೆ ಹೀಗೆ ಅಂಗಡಿ ಎತ್ತುವುದೆಂದರೇನು? ಹಿಂದಿನ ದಿನವಷ್ಟೇ ಮೂಲಂಗಿ ಉಪ್ಪಿನಕಾಯಿಗೆ ಉಪ್ಪು ಯಾವಾಗ ಹಾಕಬೇಕೆಂದು ನನಗೆ ಆ ಪುಟದಲ್ಲಿ ಎಲ್ಲರೂ ಬರೆಯುವ ಬೋರ್ಡಿನಲ್ಲಿ ಹೇಳಿಕೊಟ್ಟಿದ್ದರು. ಗಂಡ ಬೆಳಿಗ್ಗೆಯೇ ಲಾರಿ ಹತ್ತಿ ಹೊಕ್ಕೈದೊ ಕಡೆ ಹೊರಟಿದ್ದ. ನಾನು ಡ್ರೈಕ್ಲೀನಿಂಗ್ ಅಂಗಡಿಯ ಕೆಲಸಕ್ಕೆ ಹೋಗುವ ಮೊದಲು ಮಿಸೊ ಸಾರಿನ ಬಟ್ಟಲು ಹಿಡಿದು ಕಂಪ್ಯೂಟರಿನ ಮುಂದೆ ಕೂತಿದ್ದೆ.

ಆಗ ಇಂಟರ್ನೆಟ್ಟು ಟೆಲಿಫೋನ್ ತಂತಿಯಲ್ಲಿ ಬರುತ್ತಿತ್ತು. ಮೋಡೆಮ್ಮು ಗಂಟಲು ಕೆರೆದು ಕಿರುಚಿ ಕಿರುಚಿ ಕೊನೆಗೆ ಸುಮ್ಮನಾದರೆ ಸಂಪರ್ಕ ಸಿಕ್ಕಿತೆಂದು ಅರ್ಥ. ಚಿತ್ರವೊಂದು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯುತ್ತಿತ್ತು. ಅಷ್ಟರಲ್ಲಿ ಅನ್ನಕ್ಕೆ ಅಕ್ಕಿ ತೊಳೆದಿಟ್ಟು ಬರಬಹುದಿತ್ತು. ನಾನು ಹಾಗೆ ಕಾದು ಕಾದು ನೋಡುತ್ತಿದ್ದುದು ನೀರಿನ ಟ್ಯಾಂಕಿಗಳನ್ನು.

ನಗುವವರು ನಗಲಿ. ಸಾಲುಸಾಲು ಕಟ್ಟಡಗಳ ದಾಂಚಿ ಬಡಾವಣೆಗಳಲ್ಲಿ ಮನೆಮನೆಗೆ ನೀರು ಕೊಡಲು ಕಟ್ಟಿದ, ಆಕಾಶಕ್ಕೆ ಕತ್ತೆತ್ತಿ ನಿಂತ ಕಾಂಕ್ರೀಟಿನ ಟ್ಯಾಂಕಿಗಳು. ಚಿಕ್ಕಂದಿನಿಂದ ನನಗೆ ಅವುಗಳ ಮೇಲೆ ಪ್ರಾಣ. ಲೋಕದಲ್ಲಿ ಇಂಥ ಹುಚ್ಚು ನನಗೊಬ್ಬಳಿಗೇ ಇರುವುದೆಂದು ನಂಬಿ, ಮೂವತ್ತೆಂಟು ವರ್ಷ ಬಾಯಿ ಮುಚ್ಚಿಕೊಂಡು ಬದುಕಿದ್ದೆ. ಒಂದು ದಿನ ಯೋಮೊಗಿಯ ಪುಟ ಸಿಕ್ಕಿತು. ಅಲ್ಲಿ ನನ್ನಂಥವರು ಹತ್ತು ಹದಿನೈದು ಜನ ಕೂಡಿ ಹರಟುತ್ತಿದ್ದರು! ಅಣಬೆಯಂತಿರುವ ಟ್ಯಾಂಕಿ, ಡಬ್ಬಿಯಂತಿರುವ ಟ್ಯಾಂಕಿ, ಉದ್ದ ಕತ್ತಿನ ಟ್ಯಾಂಕಿ ಎಂದು ಜಾತಿ ವಿಂಗಡಿಸಿ ಜಗಳ ಬೇರೆ. ಆ ದಿನ ನಾನು ಪರದೆಯ ಮುಂದೆ ಕೂತು ಅತ್ತಿದ್ದೆ. ಈಗಿನವರಿಗೆ ಯಾವ ಹುಚ್ಚಿಗೂ ಜೊತೆಗಾರರು ಬೆರಳ ತುದಿಯಲ್ಲೇ ಸಿಗುತ್ತಾರೆ; ಆ ಅಳು ಅವರಿಗೆ ತಿಳಿಯಲಾರದು.

ನಮಗೆಲ್ಲ ಅಲ್ಲಿ ಅಡ್ಡಹೆಸರು. ನಾನು ತಾನಿಶಿ, ಅಂದರೆ ಗದ್ದೆಯ ಬಸವನಹುಳು. ಯೋಮೊಗಿ ಅನ್ನುವುದು ಬೇಲಿಯಂಚಿನಲ್ಲಿ ಬೆಳೆಯುವ ಒಂದು ಸೊಪ್ಪು. ನಿಜವಾದ ಹೆಸರು, ಊರು, ವಯಸ್ಸು ಕೇಳಬಾರದು; ಕೇಳಿದವರನ್ನು ಎಲ್ಲರೂ ಸೇರಿ ಗದರುತ್ತಿದ್ದರು. ಆದರೂ ಯೋಮೊಗಿ ಮೂವತ್ತರ ಆಸುಪಾಸಿನ ಒಂಟಿ ಹೆಂಗಸೆಂದು ನಮಗೆಲ್ಲ ಖಾತ್ರಿಯಾಗಿತ್ತು. ಆ ಬರವಣಿಗೆ ಅಷ್ಟು ಮೆದು. ಮಾತು ಮಾತಿಗೂ ‘ಅಲ್ಲವೇನ್ರೀ’ ಎಂದು ಒಲಿಸಿಕೊಳ್ಳುವ ರೀತಿ, ಉಪ್ಪಿನಕಾಯಿ, ಒಗೆದ ಬಟ್ಟೆ, ಕಿಟಕಿಗೆ ಬರುವ ಗುಬ್ಬಿ. ಆ ಕಿಟಕಿಯಿಂದ ಒಂದು ಉದ್ದ ಕತ್ತಿನ ಟ್ಯಾಂಕಿ ಕಾಣುತ್ತಿತ್ತು. ಅದನ್ನೇ ಮಂಜಿನಲ್ಲಿ, ಹಿಮದಲ್ಲಿ, ಬಿಸಿಲಿನಲ್ಲಿ ಫೋಟೊ ತೆಗೆದು ಹಾಕುತ್ತಿದ್ದರು. ‘ನಮ್ಮ ಹೂಜಿ’ ಎಂದು ಅದಕ್ಕೆ ಹೆಸರಿಟ್ಟಿದ್ದರು. ನಾವೂ ಹೂಜಿಯ ಕ್ಷೇಮಸಮಾಚಾರ ಕೇಳದೆ ದಿನ ಶುರು ಮಾಡುತ್ತಿರಲಿಲ್ಲ.

ಹೂಜಿಯನ್ನು ಆ ತಿಂಗಳು ಕೆಡವುತ್ತಿದ್ದರು. ಹಾಗಾಗಿ ಪುಟ ಮುಚ್ಚುವುದು ಯಾರಿಗೂ ವಿಚಿತ್ರವೆನಿಸಲಿಲ್ಲ. ಮದುವೆಯಾದರೆ ಮುಚ್ಚುತ್ತಿದ್ದರು, ಮಗು ಹುಟ್ಟಿದರೆ ಮುಚ್ಚುತ್ತಿದ್ದರು, ಬರೀ ಬೇಸರಕ್ಕೂ ಮುಚ್ಚುತ್ತಿದ್ದರು. ಬೋರ್ಡಿನಲ್ಲಿ ಆಗಲೇ ಎಲ್ಲರೂ ವಾಡಿಕೆಯ ಮಾತು ಬರೆದಿದ್ದರು: ‘ಇಷ್ಟು ದಿನ ದುಡಿದಿರಿ, ಇನ್ನು ದಣಿವಾರಿಸಿಕೊಳ್ಳಿ.’ ನಾನೂ ಸಿಟ್ಟು ನುಂಗಿ ಅದನ್ನೇ ಅರ್ಧ ಟೈಪ್ ಮಾಡಿದ್ದೆ. ಆಗ ಪುಟದ ಕೆಳಗಿದ್ದ ಚಿತ್ರ ಪೂರ್ತಿ ಇಳಿಯಿತು. ನನ್ನ ಬೆರಳುಗಳು ಅಲ್ಲೇ ನಿಂತುಬಿಟ್ಟವು.

ಅದು ಹತ್ತು ಸಾವಿರನೆಯವರ ಉಡುಗೊರೆ.

ಇದೊಂದನ್ನು ಬಿಡಿಸಿ ಹೇಳಬೇಕು. ಆಗ ಎಲ್ಲರ ಪುಟದಲ್ಲೂ ಬಂದವರ ಲೆಕ್ಕ ತೋರಿಸುವ ಪುಟ್ಟ ಮೀಟರು ಇರುತ್ತಿತ್ತು. ಸಾವಿರ, ಐದು ಸಾವಿರ, ಹೀಗೆ ದುಂಡು ಸಂಖ್ಯೆ ಯಾರ ಪಾಲಿಗೆ ಬೀಳುತ್ತದೋ ಅವರು ಅದನ್ನು ‘ತುಳಿದರು’ ಅನ್ನುತ್ತಿದ್ದೆವು. ತುಳಿದವರು ಬೋರ್ಡಿಗೆ ಬಂದು ಒಪ್ಪಿಕೊಳ್ಳಬೇಕು, ತಮಗೆ ಬೇಕಾದ ಚಿತ್ರ ಕೇಳಬೇಕು. ಪುಟದೊಡೆಯರು ಬರೆದು ಕೊಡಬೇಕು. ತುಳಿದು ಸುಮ್ಮನೆ ಓಡಿಹೋಗುವುದು ಮಹಾಪರಾಧ. ಪುಟ ಮುಚ್ಚುವವರು ದುಂಡು ಸಂಖ್ಯೆ ಹತ್ತಿರವಿದ್ದರೆ ಅದು ಬರುವವರೆಗೂ ಕಾಯುತ್ತಿದ್ದರು. ‘ಬನ್ನಿ, ಬನ್ನಿ, ಸಂಖ್ಯೆ ಮುಟ್ಟಿಸಿ’ ಎಂದು ನೆಂಟರಿಷ್ಟರನ್ನೆಲ್ಲ ಕಾಡಿ ಕರೆಯುತ್ತಿದ್ದರು.

ಯೋಮೊಗಿಯ ಮೀಟರಿನಲ್ಲಿ ಹತ್ತು ಸಾವಿರಕ್ಕೆ ಇನ್ನೂ ಮುನ್ನೂರಕ್ಕಿಂತ ಹೆಚ್ಚು ಬಾಕಿಯಿತ್ತು. ಯಾರೂ ತುಳಿದಿಲ್ಲ, ಯಾರೂ ಕೇಳಿಲ್ಲ. ಆದರೂ ಚಿತ್ರ ಬರೆದು ಇಟ್ಟಿದ್ದರು. ಕೆಳಗೆ ಒಂದು ಸಾಲು: ‘ನೀವು ಯಾರೋ ತಿಳಿಯದು. ಬಂದಾಗ ತೆಗೆದುಕೊಂಡು ಹೋಗಿ. ಹೇಳುವುದು ಬೇಡ.’

ಹೇಳುವುದು ಬೇಡ! ನಮ್ಮ ಲೋಕದಲ್ಲಿ ಯಾರೂ ಯಾರಿಗೂ ಹಾಗೆ ಬರೆಯುತ್ತಿರಲಿಲ್ಲ. ಹೇಳುವುದಕ್ಕಾಗಿಯೇ ನಾವೆಲ್ಲ ಅಲ್ಲಿ ಸೇರಿದ್ದೆವು. ಹೇಳಿದರೆ ಕೇಳುವವರು ಇರುವುದಿಲ್ಲ ಎಂದಲ್ಲವೇ ಇದರ ಅರ್ಥ? ಮೇಲಿದ್ದ ಕೊನೆಯ ಫೋಟೊ ಮತ್ತೆ ನೋಡಿದೆ. ಹೂಜಿಯ ಸುತ್ತ ಕಂಬ ಕಟ್ಟಿ ಕೆಡವುತ್ತಿದ್ದಾರೆ. ಆದರೆ ಅದುವರೆಗಿನ ಎಲ್ಲ ಫೋಟೊಗಳೂ ಕೆಳಗಿನ ಕಿಟಕಿಯಿಂದ ತೆಗೆದವು, ಇದು ಮೇಲಿನಿಂದ. ಎಲ್ಲೋ ತುಂಬಾ ಎತ್ತರದಲ್ಲಿ ನಿಂತು ಕೆಳಕ್ಕೆ ನೋಡಿದ್ದು. ಚಿತ್ರದ ಅಂಚಿನಲ್ಲಿ ಕಬ್ಬಿಣದ ಕಟಕಟೆಯ ಒಂದು ತುಂಡು ಕಾಣುತ್ತಿತ್ತು.

ಮೇಲ್ ಕಳಿಸಿದೆ, ಉತ್ತರವಿಲ್ಲ. ಬೋರ್ಡಿನಲ್ಲಿ ‘ಯೋಮೊಗಿಯವರ ಮನೆ ಎಲ್ಲಿ, ಗೊತ್ತಿದ್ದವರು ದಯವಿಟ್ಟು ಹೇಳಿ’ ಎಂದು ಬರೆದೆ. ಒಬ್ಬರು ತಕ್ಷಣ ‘ಮುಚ್ಚುವಾಗಲಾದರೂ ಮರ್ಯಾದೆಯಿಂದ ಇರಿ’ ಎಂದು ಗದರಿದರು. ಸಂಪರ್ಕ ಕಡಿದು ಪೊಲೀಸ್ ಠಾಣೆಗೆ ಫೋನ್ ಮಾಡಿದೆ. ಆ ಮನುಷ್ಯ ತಾಳ್ಮೆಯಿಂದಲೇ ಕೇಳಿದ.

“ಹೆಸರೇನಮ್ಮ ಅವರದ್ದು?”

“ಯೋಮೊಗಿ.”

“ಅದು ಸೊಪ್ಪಲ್ವಾ? ಮನೆತನದ ಹೆಸರು?”

“ಗೊತ್ತಿಲ್ಲ.”

“ವಿಳಾಸ? ಊರು? ಹೋಗ್ಲಿ, ಮುಖನಾದ್ರೂ ನೋಡಿದೀರಾ?”

“ಇಲ್ಲ.”

“ಅವ್ರಿಗೆ ಏನೋ ಆಗತ್ತೆ ಅಂತ ಹೆಂಗೆ ಹೇಳ್ತೀರಿ?”

“ಉಡುಗೊರೆ ಮುಂಚೇನೇ ಕೊಟ್ಟಿದಾರೆ.”

ಆಡಿದ ಮೇಲೆ ಅದು ಹೇಗೆ ಕೇಳಿಸಿತೆಂದು ನನಗೇ ತಿಳಿಯಿತು. ಊರಾದರೂ ಗೊತ್ತಾದರೆ ತಕ್ಷಣ ತಿಳಿಸಿ ಎಂದು ಆತ ಹೇಳಿದ. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಹುಡುಕಲು ನಾನು ಕೊಟ್ಟದ್ದಾದರೂ ಏನು?

ಕೊನೆಗೆ ಆ ಕಾಲದಲ್ಲಿ ಯಾವ ಹೆಂಗಸೂ ಮಾಡದ ಕೆಲಸ ಮಾಡಿದೆ. ನನ್ನ ಮನೆಯ ಫೋನ್ ನಂಬರನ್ನು ಬೋರ್ಡಿನಲ್ಲಿ, ಲೋಕಕ್ಕೆಲ್ಲ ಕಾಣುವಂತೆ ಹಾಕಿದೆ. ಹಾಕಿ, ಕರೆ ಬರಲೆಂದು ಸಂಪರ್ಕ ಕಡಿದು, ಫೋನಿನ ಪಕ್ಕ ಮುದುಡಿ ಕೂತೆ. ಯಾವ ಕೇಡಿಗ ಕರೆಯುತ್ತಾನೋ ಎಂಬ ಭಯ ಒಂದು, ಯಾರೂ ಕರೆಯದಿದ್ದರೆ ಎಂಬ ಭಯ ಇನ್ನೊಂದು. ಫೋನ್ ಹೊಡೆದುಕೊಂಡಾಗ ಕುಳಿತಲ್ಲೇ ಹಾರಿಬಿದ್ದೆ.

“ತಾನಿಶಿಯವ್ರಾ? ನಾನು ಗೆತಾ” ಎಂದಿತು ಒಂದು ಒರಟು ಗಂಡಸಿನ ದನಿ. “ಅಯ್ಯೋ, ನೀವು ಹೆಂಗಸಾ? ಬೋರ್ಡಲ್ಲಿ ಸಾರ್ಜೆಂಟ್ ಥರ ಬರೀತೀರಲ್ರೀ!”

ಗೆತಾ ಅಂದರೆ ಮರದ ಚಪ್ಪಲಿ. ಬೋರ್ಡಿನಲ್ಲಿ ಯೋಮೊಗಿ ಏನು ಬರೆದರೂ ಮೊದಲು ಹೊಗಳುವವರು ಇವರೇ. ಇವರಿಗೆ ಯೋಮೊಗಿಯ ಮೇಲೆ ಮನಸ್ಸಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಬಹುಶಃ ಯೋಮೊಗಿಯೊಬ್ಬರನ್ನು ಬಿಟ್ಟು.

“ಆ ಉಡುಗೊರೆ ನೋಡಿದ್ರಾ?” ಎಂದು ಕೇಳಿದೆ.

“ನೋಡ್ದೆ. ಅದಕ್ಕೇ ಕೈಕಾಲು ಆಡ್ತಿಲ್ಲ. ಮನೆ ಗೊತ್ತಿಲ್ಲ ಕಣ್ರೀ, ಆದ್ರೆ ಹೂಜಿ ಎಲ್ಲಿದೆ ಅಂತ ಗೊತ್ತು. ಕತ್ತಿನ ಮೇಲೆ ಎರಡು ಪಟ್ಟಿ ಇರೋ ಟ್ಯಾಂಕಿ ಈ ಕಡೆಗೆಲ್ಲಾ ಒಂದೇ. ಮಿನೆಗಾವಾ ದಾಂಚಿ, ಕೋಬೆ ಹಿಂದಿನ ಬೆಟ್ಟದ ಮೇಲೆ. ಎರಡು ವರ್ಷದ ಹಿಂದೇನೇ ಕಂಡುಹಿಡಿದಿದ್ದೆ.”

“ಎರಡು ವರ್ಷದಿಂದ ಗೊತ್ತಿದ್ದೂ ಬಾಯಿ ಬಿಟ್ಟಿಲ್ವಲ್ಲ!”

“ಹೇಳ್ಬಾರ್ದಲ್ಲಾ. ಒಂದು ಸಲ ಸ್ಟೇಷನ್‌ವರೆಗೂ ಹೋಗಿ, ನಾಚಿಕೆಯಾಗಿ ಹಂಗೇ ವಾಪಸ್ ಬಂದೆ. ಈಗ ಬೈಬೇಡಿ, ಹೊರಡಿ, ಆ ಸ್ಟೇಷನ್ನಲ್ಲೇ ಸಿಗ್ತೀನಿ. ನನ್ನ ಕಾಲು ನೋಡಿ ಗುರುತು ಹಿಡೀರಿ.”

ಠಾಣೆಗೆ ಮತ್ತೆ ಫೋನ್ ಮಾಡಿ ಊರಿನ ಹೆಸರು ಹೇಳಿದೆ. ಅಲ್ಲಿಯ ಚೌಕಿಗೆ ತಿಳಿಸುತ್ತೇವೆ ಎಂದರು. ಅಂಗಡಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿ ರೈಲು ಹತ್ತಿದೆ. ರೈಲು ಒಂದೊಂದು ನಿಲ್ದಾಣದಲ್ಲಿ ನಿಂತಾಗಲೂ ಇಳಿದು ತಳ್ಳಿಬಿಡೋಣ ಅನಿಸುತ್ತಿತ್ತು. ಎದುರಿಗೆ ಕೂತ ಅಜ್ಜಿ ಕಿತ್ತಳೆ ಸುಲಿಯುತ್ತಿದ್ದರು. ಆ ನೆಮ್ಮದಿ ನೋಡಿ ನನಗೆ ಅವರ ಮೇಲೂ ಕೋಪ ಬಂತು.

ಮಿನೆಗಾವಾ ಸ್ಟೇಷನ್ನಿನಲ್ಲಿ ಐವತ್ತು ದಾಟಿದ ದಪ್ಪನೆಯ ಗಂಡಸೊಬ್ಬರು ಕೋಟು ಹಾಕಿ, ಕಾಲಿಗೆ ನಿಜವಾಗಿಯೂ ಮರದ ಚಪ್ಪಲಿ ಮೆಟ್ಟಿ ನಿಂತಿದ್ದರು. ಸ್ಟೇಷನರಿ ಅಂಗಡಿ ಇಟ್ಟಿರುವ ಕುವಾಬಾರಾ ಎಂದು ಪರಿಚಯ ಹೇಳಿಕೊಂಡರು. ಕೈಯಲ್ಲೊಂದು ಕೇಕಿನ ಡಬ್ಬಿ.

“ಕೇಕು ಯಾಕ್ರೀ?” ಎಂದೆ.

“ಮೊದಲ್ನೇ ಸಲ ನೋಡೋಕೆ ಹೋಗ್ತಿರೋದು, ಬರಿಗೈಲಿ ಹೋಗೋದಾ?” ಅಂದವರು ಡಬ್ಬಿಯನ್ನು ಎದೆಗೆ ಅವುಚಿಕೊಂಡರು.

ಇಳಿಜಾರು ಹತ್ತಿ ಹೋದೆವು. ಹೂಜಿ ಇರಲಿಲ್ಲ. ಅದಿದ್ದ ಕಡೆ ನೀಲಿ ತಗಡಿನ ಬೇಲಿ, ಒಳಗೆ ಕಾಂಕ್ರೀಟಿನ ರಾಶಿ. ಅಷ್ಟು ವರ್ಷ ದಿನಾ ನೋಡಿದ್ದು ಇಲ್ಲವಾಗಿ, ಆಕಾಶದಲ್ಲಿ ಹಲ್ಲು ಕಿತ್ತ ಹಾಗೆ ಖಾಲಿ ಜಾಗ. ಸುತ್ತ ಐದು ಮಹಡಿಯ ಹಳೆಯ ಕಟ್ಟಡಗಳು. ಬೇಲಿಯ ಪಕ್ಕದಲ್ಲಿ ಹನ್ನೊಂದು ಮಹಡಿಯದೊಂದು. ಆ ಫೋಟೊ ತೆಗೆಯಬಹುದಾದದ್ದು ಅದೊಂದರಿಂದಲೇ. ಅದರ ಬುಡದಲ್ಲಿ ಹೆಂಗಸೊಬ್ಬರು ಸೇವಂತಿಗೆ ಕುಂಡಗಳಿಗೆ ನೀರು ಹಾಕುತ್ತಿದ್ದರು. ಗೆತಾ ಬಗ್ಗಿ ವಂದಿಸಿ ಕೇಳಿದರು.

“ಅಕ್ಕಾ, ಇಲ್ಲಿ ಒಬ್ಬರೇ ಇರೋ ಹೆಂಗಸು... ಮೂವತ್ತು ವರ್ಷ ಇರಬಹುದು. ನಮ್ಮ ಸಂಬಂಧಿ.”

ನಮ್ಮಂಥ ಹುಚ್ಚಿನವರು ಮಾಡುವ ತಪ್ಪೇ ಇದು. ನೀರಿನ ಟ್ಯಾಂಕಿ, ಇಂಟರ್ನೆಟ್ಟು, ಯೋಮೊಗಿ ಎಂದು ಬಾಯಿಬಿಟ್ಟು ಹೇಳಲು ಹೊರಗಿನವರ ಮುಂದೆ ನಾಲಿಗೆ ಏಳುವುದಿಲ್ಲ. ನಾನೂ ತಲೆಯಾಡಿಸಿ ಆ ಸುಳ್ಳಿಗೆ ಸುಳ್ಳು ಸೇರಿಸಿದೆ.

“ಮೂವತ್ತಾ? ಇಲ್ಲಿರೋರೆಲ್ಲಾ ನಮ್ಮಂಥ ಹಳೇ ಸಾಮಾನು ಕಣಪ್ಪಾ” ಎಂದು ಆಕೆ ನಕ್ಕರು. “ಅಂಥೋಳು ಒಬ್ಳಿದ್ದಿದ್ರೆ ಇಡೀ ದಾಂಚಿಗೆ ಗೊತ್ತಿರ್ತಿತ್ತು.”

ಆಗ ಒಳಗಿನಿಂದಲ್ಲ, ದಾರಿಯ ಕಡೆಯಿಂದ ಒಬ್ಬ ಹಿರಿಯರು ಬಂದರು. ಅರವತ್ತೈದು ದಾಟಿರಬೇಕು. ಬೂದು ಬಣ್ಣದ ಸ್ವೆಟರ್, ನೀಟಾಗಿ ಬಾಚಿದ ಕೂದಲು. ಸೇವಂತಿಗೆಯಾಕೆ ಅವರನ್ನೂ ಕೇಳಿದರು. ಅವರು ನಿಂತು, ನಮ್ಮಿಬ್ಬರ ಮುಖ ನೋಡಿ, ನಿಧಾನವಾಗಿ ತಲೆಯಾಡಿಸಿದರು.

“ಹುಡುಕೋರು ಇದಾರಲ್ಲ, ಆಕೆ ಪುಣ್ಯವಂತೆ” ಅಂದರು. “ಹೂಜಿ ಇದ್ದ ಜಾಗದ ಆಚೆಗೆ ಕೊನೇ ಕಟ್ಟಡಕ್ಕೆ ಯಾರೋ ಹೊಸಬರು ಬಂದ ಹಾಗಿತ್ತು. ಅಲ್ಲಿ ಕೇಳಿ ನೋಡಿ.”

ಬಗ್ಗಿ ವಂದಿಸಿ ಲಿಫ್ಟಿನೊಳಗೆ ಹೋದರು. ನಾವು ಥ್ಯಾಂಕ್ಸ್ ಹೇಳಿ ಆ ಕಡೆ ಓಡಿದೆವು. ಬೇಲಿಯ ತನಕ ಹೋಗಿದ್ದೆವು. ನನ್ನ ಕಾಲು ತಾನಾಗಿ ನಿಂತಿತು.

“ಗೆತಾ ಅವ್ರೇ, ಈ ಟ್ಯಾಂಕಿಗೆ ಇಲ್ಲಿಯವರು ಏನಂತಾರೆ?”

“ಏನಂತಾರೆ, ಟ್ಯಾಂಕಿ ಅಂತಾರೆ.”

“ಮತ್ತೆ ಆ ಹಿರಿಯರು ಹೂಜಿ ಅಂದ್ರಲ್ಲ?”

“ಅದು ನಾವು...” ಎಂದವರು ಬಾಯಿ ತೆರೆದಂತೆಯೇ ನಿಂತರು. ಕೇಕಿನ ಡಬ್ಬಿ ಕೈಯಿಂದ ಜಾರಿ ಬಿತ್ತು.

ನಾವಿಬ್ಬರೂ ಯೋಮೊಗಿಯ ಎದುರು ನಿಂತು ಮಾತಾಡಿದ್ದೆವು. ನಾವು ಹುಡುಕುತ್ತಿರುವುದು ಅವರನ್ನೇ ಎಂದು ಅವರಿಗೆ ತಿಳಿಯದಂತೆ, ಸುಳ್ಳು ಹೇಳಿ, ಮೇಲಕ್ಕೆ ಕಳಿಸಿಕೊಟ್ಟಿದ್ದೆವು! ತಿರುಗಿ ಓಡಿದೆವು. ಲಿಫ್ಟು ಮೇಲೆಯೇ ಇತ್ತು. ಅದು ಇಳಿಯುವವರೆಗೆ ಕಾಯುವ ಹಾಗಿರಲಿಲ್ಲ. “ಪೊಲೀಸರಿಗೆ ಫೋನ್ ಮಾಡಿ, ಹನ್ನೊಂದನೇ ಮಹಡಿ!” ಎಂದು ಸೇವಂತಿಗೆಯಾಕೆಗೆ ಕೂಗಿ ಮೆಟ್ಟಿಲು ಹತ್ತಿದೆ. ಹಿಂದೆ ಗೆತಾರ ಮರದ ಚಪ್ಪಲಿಯ ಟಕಟಕ ಸದ್ದು. ಅರ್ಧ ದಾರಿಯಲ್ಲಿ ಅದು ನಿಂತಿತು. “ನೀವು ಹೋಗಿ, ಹೋಗಿ!” ಎಂಬ ಕೂಗು ಮಾತ್ರ ಕೆಳಗಿನಿಂದ ಬಂತು. ಕೈಗಳಿಂದ ಕಂಬಿ ಎಳೆದುಕೊಂಡು ಹತ್ತಿದೆ. ಬೇಡ, ಬೇಡ, ತಡವಾಗಿರಬೇಡ ಎಂದು ಯಾರಿಗೋ ಹೇಳಿಕೊಳ್ಳುತ್ತಿದ್ದೆ.

ಮೇಲಿನ ತೆರೆದ ಪಡಸಾಲೆಯ ತುದಿಯಲ್ಲಿ ಅವರು ನಿಂತಿದ್ದರು. ಬೆನ್ನು ನನ್ನ ಕಡೆಗೆ, ಎರಡು ಕೈಯೂ ಕಟಕಟೆಯ ಮೇಲೆ.

“ಯೋಮೊಗಿ ಅವ್ರೇ!”

ಆ ಹೆಸರನ್ನು ನಾನು ಅದುವರೆಗೆ ಬಾಯಿಂದ ಆಡಿರಲೇ ಇಲ್ಲ. ಯಾರೂ ಆಡಿರಲಿಲ್ಲ. ಅವರು ಕತ್ತು ತಿರುಗಿಸಿದರು. ಕದ್ದು ಸಿಕ್ಕಿಬಿದ್ದ ಮಗುವಿನ ಮುಖ.

“ನಾನು ತಾನಿಶಿ” ಎಂದೆ. ಉಸಿರು ಸಿಗುತ್ತಿರಲಿಲ್ಲ.

ಅವರ ಕೈ ಕಟಕಟೆ ಬಿಡಲಿಲ್ಲ. ಒಂದು ಹೆಜ್ಜೆ ಮುಂದಿಟ್ಟರೆ ಏನಾಗುತ್ತದೋ, ಒಂದು ಮಾತು ತಪ್ಪಿದರೆ ಏನಾಗುತ್ತದೋ. ಇಂಥ ಹೊತ್ತಿನಲ್ಲಿ ಆಡುವ ಮಾತು ತಿಳಿದವರು ಇರುತ್ತಾರೆ. ನಾನು ಇಸ್ತ್ರಿ ಬಟ್ಟೆಗೆ ಚೀಟಿ ಹಚ್ಚುವವಳು. ಬದುಕು ಸುಂದರ ಗಿಂದರ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬಂದ ಮಾತು ಇಷ್ಟೇ:

“ನೆತ್ತಿ ಹೆಂಗಿತ್ತು?”

“ಏನು?”

“ಹೂಜಿ ನೆತ್ತಿ. ಈ ಹುಚ್ಚು ಇರೋರಲ್ಲಿ ಯಾರೂ ಅದರ ನೆತ್ತಿ ನೋಡಿಲ್ಲ, ನೀವೊಬ್ಬರೇ. ಆ ಫೋಟೊದಲ್ಲಿ ಏನೂ ಕಾಣಲ್ಲ, ಎಲ್ಲಾ ಮಸುಕು. ಇಷ್ಟು ಮೆಟ್ಟಿಲು ಹತ್ತಿ ಬಂದಿದೀನಿ, ಅದನ್ನಾದ್ರೂ ಹೇಳಿ!” ನನ್ನ ದನಿ ಜಗಳದ ದನಿಯೇ ಆಗಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಅವರು ಕೆಳಗಿನ ಖಾಲಿ ಜಾಗದ ಕಡೆ ನೋಡಿದರು.

“ಒಂದು ಮುಚ್ಚಳ ಇತ್ತು” ಎಂದರು. “ಕಬ್ಬಿಣದ್ದು. ತುಕ್ಕು ಹಿಡಿದಿತ್ತು. ಸುತ್ತ ಹುಲ್ಲು ಬೆಳೆದಿತ್ತು ಅಂದ್ರೆ ನಂಬ್ತೀರಾ? ಅಷ್ಟು ಎತ್ತರದಲ್ಲಿ ಹುಲ್ಲು.”

“ಮುಚ್ಚಳ ಎಷ್ಟು ದೊಡ್ಡದು?”

“ಇಷ್ಟು” ಎಂದರು. ಅಳತೆ ತೋರಿಸಲು ಎರಡೂ ಕೈ ಬೇಕಾಯಿತು. ಕಟಕಟೆ ಬಿಟ್ಟು, ನನ್ನ ಕಡೆ ತಿರುಗಿ, ಎದೆಯ ಮುಂದೆ ಕೈಗಳನ್ನು ದುಂಡಗೆ ಹಿಡಿದು ತೋರಿಸಿದರು. “ಇಲ್ಲ, ಇನ್ನೂ ಸ್ವಲ್ಪ ದೊಡ್ಡದು. ಮೊದಲು ಅದನ್ನೇ ಕಿತ್ತರು.”

“ಹುಲ್ಲು ಹಸಿರಿತ್ತಾ?”

“ಹಸಿರೇ ಇತ್ತು.” ಒಂದು ಹೆಜ್ಜೆ ಮುಂದೆ ಬಂದರು. ನಾನು ನಿಂತಲ್ಲೇ ನಿಂತಿದ್ದೆ. “ನನ್ನ ಹೆಂಡತಿ ಇದ್ದಿದ್ರೆ ಅದಕ್ಕೆ ಏನೋ ಒಂದು ಹೇಳೋಳು. ಅವಳಿಗೆ ಎಲ್ಲದಕ್ಕೂ ಒಂದು ಮಾತಿರೋದು. ‘ಅಲ್ಲವೇನ್ರೀ’ ಅನ್ನೋಳು. ನಾನು ಆ ಪುಟದಲ್ಲಿ ಬರೀತಿದ್ದಿದ್ದು ಅವಳ ಮಾತು. ಅವಳು ಹೋದ್ಮೇಲೆ ಮನೇಲಿ ಆ ಮಾತು ಕೇಳ್ತಿರಲಿಲ್ಲ, ಅದಕ್ಕೆ. ಮೋಸ ಮಾಡಬೇಕು ಅಂತ ಅಲ್ಲ ರೀ.”

“ಯಾರಂದ್ರು ಮೋಸ ಅಂತ?”

ಅಷ್ಟರಲ್ಲಿ ಗೆತಾ ಬಂದು ಮುಟ್ಟಿದರು. ಚಪ್ಪಲಿ ಕೈಯಲ್ಲಿತ್ತು, ಕಾಲು ಬರಿಗಾಲು, ಮುಖ ಬೀಟ್ರೂಟು. ಹಿರಿಯರನ್ನು ನೋಡಿದರು, ನನ್ನನ್ನು ನೋಡಿದರು. ಎರಡು ವರ್ಷದ ಪ್ರೀತಿ ಆ ಮುಖದ ಮೇಲೆ ಒಂದು ಕ್ಷಣ ಒದ್ದಾಡಿದ್ದನ್ನು ಕಣ್ಣಾರೆ ಕಂಡೆ. ಆಮೇಲೆ ಅವರು ಸೊಂಟ ಬಗ್ಗಿಸಿ ವಂದಿಸಿದರು.

“ಗೆತಾ ಅಂತಾರೆ. ಕೇಕು ತಂದಿದ್ದೆ, ಕೆಳಗೆ ಬಿತ್ತು. ಕ್ಷಮಿಸ್ಬೇಕು.”

ಯೋಮೊಗಿಯವರ ಬಾಯಿ ನಗುವಂತೆ ಅಲುಗಿತು. ಅಷ್ಟರಲ್ಲೇ ತಿರುಗಿ ಕಟಕಟೆಯನ್ನು ನೋಡಿ, ಹಾವು ಕಂಡವರಂತೆ ಹಿಂದೆ ಸರಿದರು. ನಾನು ಓಡಿ ಹೋಗಿ ಹಿಡಿದೆ. ಅವರು ನನ್ನ ತೋಳನ್ನು ಎರಡು ಕೈಯಿಂದಲೂ ಅವುಚಿಕೊಂಡರು. ಉಗುರು ನಾಟಿತು.

“ಭಯ ಆಗ್ತಿದೆ” ಎಂದರು. “ತಾನಿಶಿ ಅವ್ರೇ, ನಂಗೆ ತುಂಬಾ ಭಯ ಆಗ್ತಿದೆ.”

ಬೆಳಗಿನಿಂದ ನನ್ನೊಬ್ಬಳ ಹೊಟ್ಟೆಯಲ್ಲಿದ್ದ ಭಯ ಈಗ ಅವರಿಗೂ ಬಂದಿತ್ತು. ಅಷ್ಟು ಸಮಾಧಾನದ ಮಾತನ್ನು ನಾನು ಜೀವನದಲ್ಲಿ ಇನ್ನೊಂದು ಕೇಳಿಲ್ಲ.

“ನಂಗೂ” ಎಂದೆ.

ಗೋಡೆಗೆ ಒರಗಿ ಮೂವರೂ ನೆಲದ ಮೇಲೆ ಕೂತೆವು. ಯಾರೋ ಕೆಳಗಿನಿಂದ ಕರೆದಂತೆ ಲಿಫ್ಟು ಇಳಿಯುವ ಸದ್ದಾಯಿತು, ಪೊಲೀಸರೇ ಇರಬೇಕು. ಅವರು ನನ್ನ ತೋಳು ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.